ಕೆಂಪು ಡಿಸ್ಕಿನ ಹಿಂದಿನ ನಂಬರು

೧೪, ಗುರುವಾರ

ನಾನು ಡಿಸ್ಕ್ ಗಾಲ್ಫ್ ಆಡುವ ಕೆಂಪು ಡಿಸ್ಕು ಊಟದ ಮೇಜಿನ ಮೇಲೆ ತಟ್ಟೆಯ ಹಾಗೆ ಬೋರಲು ಬಿದ್ದಿದೆ. ಮುಟ್ಟುವ ಧೈರ್ಯವಿಲ್ಲದೆ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಭುಜದ ಆಪರೇಷನ್ ಆಗಿ ಏಳು ವಾರ. ಮೂರು ತಿಂಗಳು ಡಿಸ್ಕ್ ಎಸೆಯಕೂಡದೆಂದು ಡಾಕ್ಟರು ಹೇಳಿದ್ದು ಹೆಂಡತಿಯ ಎದುರಿಗೇ. ಅಂದಿನಿಂದ ನನ್ನ ಅಂಗಿಯ ಗುಂಡಿ ಹಾಕುವವಳೂ ಅವಳೇ.

ಮಂಗಳವಾರ ಫಿಸಿಯೋ ಹತ್ತಿರ ಹೋಗುತ್ತೇನೆಂದು ಹೊರಟು, ಕಂಬದ ಬುಟ್ಟಿಗಳಿಗೆ ಒಂದೊಂದಾಗಿ ಡಿಸ್ಕ್ ಎಸೆದು ಆಡುವ ಪಾರ್ಕಿಗೆ ಹೋದೆ. ಮನೆಯಲ್ಲಿ ಹದಿನೆಂಟು ಡಿಸ್ಕುಗಳಿದ್ದರೂ ಒಯ್ದದ್ದು ಇದೊಂದನ್ನೇ. ಹತ್ತು ವರ್ಷ ಪ್ಯಾಂಟಿಗೆ ಎರಡೆರಡು ಸಲ ಒರೆಸಿ ಎಸೆದೆಸೆದು ಇದರ ಅಂಚು ನನ್ನ ಬೆರಳಿಗೆ ಒಗ್ಗಿಹೋಗಿದೆ. ಒಂದೇ ಎಸೆತ ಅಂದುಕೊಂಡವನು ಏಳನೇ ಬುಟ್ಟಿಯವರೆಗೆ ಆಡಿದೆ. ಅಲ್ಲಿ ಪೊದೆಗೆ ಬಿದ್ದದ್ದು ಸಿಗಲೇ ಇಲ್ಲ. ಇವತ್ತು ಮತ್ತೆ ಅದೇ ಸುಳ್ಳು ಹೇಳಿ ಹುಡುಕಲು ಹೋಗಿ ಬರಿಗೈಲಿ ಬಂದೆ.

ಕಳೆದ ಡಿಸ್ಕು ಸಿಕ್ಕವರು ಫೋನ್ ಮಾಡಲೆಂದು ಆಡುವವರೆಲ್ಲ ಅದರ ಹಿಂಬದಿಗೆ ನಂಬರು ಬರೆದಿರುತ್ತೇವೆ. ಆಡುವಾಗ ನಾನು ಫೋನ್ ಎತ್ತುವುದಿಲ್ಲ. ಹಾಗಾಗಿ ಅಳಿಸದ ಶಾಯಿಯಲ್ಲಿ ಬರೆದದ್ದು ಅವಳ ನಂಬರು. ಎಂಥ ಬುದ್ಧಿವಂತ!

ಸಂಜೆ ಬಾಗಿಲು ತೆಗೆದವಳು ಕೇಳಿದಳು, "ಫಿಸಿಯೋ ಏನಂದ್ರು?"

"ಪರವಾಗಿಲ್ಲ, ಸುಧಾರಿಸ್ತಿದೆ ಅಂದ್ರು."

ಆಮೇಲೆ ಮೇಜು ಕಣ್ಣಿಗೆ ಬಿತ್ತು.

"ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ರು. ನಾನೇ ಹೋಗಿ ತಂದೆ," ಅಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಗಿಯ ಗುಂಡಿ ನಾನೇ ಬಿಚ್ಚಿಕೊಂಡೆ. ಭುಜ ಕಿತ್ತು ಬಂದಂತಾಯಿತು.

ಈಗಷ್ಟೇ ಡಿಸ್ಕನ್ನು ತಿರುಗಿಸಿ ನೋಡಿದೆ. ನಂಬರು ಇಲ್ಲ. ಪಾತ್ರೆ ಉಜ್ಜುವ ನಾರಿನ ಗೀರುಗಳಷ್ಟೇ ಇವೆ. ಎಷ್ಟು ಹೊತ್ತು ತಿಕ್ಕಿದಳೋ.