ದೇವರ ಗೋಡೆಗೆ ಜಂತಿ

3-3-2006, ಶುಕ್ರವಾರ

ಸ್ನಾನ, ಪೂಜೆ ಆಯಿತು. ಬಡಗಿ ಪಾಲಯ್ಯ ಬೆಳಿಗ್ಗೆಯೇ ಬಂದ. ಪಡಸಾಲೆಗೆ ಅಟ್ಟ ಹಾಕಿಸುತ್ತಿದ್ದೇವೆ. ಮಗ ಅಂಜಿನಿಯ ಜೀನ್ಸ್ ಹೊಲಿಯುವ ಮಿಷನ್‌ಗಳಿಗೆ ಕೆಳಗೆ ಜಾಗ ಸಾಲದು. ಅಟ್ಟದ ಹಲಗೆ ಹೊರುವ ಜಂತಿಗಳ ಒಂದು ತುದಿ ತೊಲೆಯ ಮೇಲೆ ಕೂತಿತು. ಇನ್ನೊಂದು ತುದಿ ಪಡುವಣ ಗೋಡೆಯೊಳಗೆ ಹೋಗಬೇಕಂತೆ. ಅದು ದೇವರ ಗೋಡೆ. ಗೂಡಿನಲ್ಲಿ ನಮ್ಮ ಚೌಡಮ್ಮ ಇದ್ದಾಳೆ. ಹಾರೆ ಹಾಕಬೇಡ ಅಂದೆ.

“ಜಂತಿ ಗೇಣುದ್ದರ ಗ್ವಾಡಿ ಒಳಗ ಹೋಗ್ಬೇಕ್ರಿ ಅಮ್ಮಾ. ಬೇಕಾದ್ರ ಹೂವು ಹಚ್ಚಿ ದೇವ್ರನ್ನ ಕೇಳ್ರಿ. ಬಲಕ್ಕ ಬಿದ್ರ ಹೊಡೀತೀನಿ.”

“ಕೇಳೋದೇನೈತಿ? ಆಕಿ ಬ್ಯಾಡ ಅಂತಾಳ. ನಂಗೊತ್ತು.”

ಕೊನೆಗೆ ಗೋಡೆಗೆ ಉದ್ದಕ್ಕೆ ಒಂದು ಮರದ ಪಟ್ಟಿ ಇಟ್ಟು ಮೊಳೆ ಹೊಡೆದು, ಅದರ ಮೇಲೆ ಜಂತಿ ಕೂರಿಸಿದ. ಮೊಳೆ ಬೇಡ ಅನ್ನಲಿಲ್ಲ. ಕ್ಯಾಲೆಂಡರಿಗೂ ಹೊಡೆಯುತ್ತೇವಲ್ಲ.

ಹೋಗುವಾಗ ಹೇಳಿದ — “ಮಣ್ಣಿನ ಗ್ವಾಡಿರಿ. ಅಟ್ಟದ ಮ್ಯಾಲ ಈ ಕಡಿ ಯಾರೂ ಓಡ್ಯಾಡಬ್ಯಾಡ್ರಿ.” ಅದೂ ಒಳ್ಳೆಯದೇ ಆಯಿತು. ದೇವರ ತಲೆಯ ಮೇಲೆ ಕಾಲು ಬೀಳಬಾರದು.

9-3-2006, ಗುರುವಾರ

ಮಿಷನ್ ಮೇಲೆ ಹೋದವು. ಸೊಸೆ ಸುನೀತಾಗೆ ಹೇಳಿದೆ, ಗೋಡೆಯ ಕಡೆ ಕಾಲಿಡಬೇಡ ಅಂತ. ಮಡಕಶಿರಾ ಕಡೆಯ ಹುಡುಗಿ, ಬಾಯಿ ಜೋರು.

“ಆಯ್ತು ಬಿಡತ್ತೆ. ಬಟ್ಟೆ ಇಡಬೋದಾ? ಬಟ್ಟೆಗೇನು ಕಾಲೈತಾ?”

ನಗು ಬಂತು. ಇಡು ಅಂದೆ. ಜೀನ್ಸ್ ಬಂಡಲ್‌ಗಳನ್ನೆಲ್ಲ ಆ ಗೋಡೆಗೇ ಒಟ್ಟಿದ್ದಾರೆ, ಆಳೆತ್ತರ.

24-3-2006, ಶುಕ್ರವಾರ

ದೀಪದ ಎಣ್ಣೆಯಲ್ಲಿ ಮಣ್ಣು. ಒರೆಸಿದೆ. ಪೂಜೆ ಮುಗಿಯುವಷ್ಟರಲ್ಲಿ ಮತ್ತೆ ಮಣ್ಣು. ತಲೆ ಎತ್ತಿ ನೋಡಿದೆ — ಪಟ್ಟಿ ಗೋಡೆ ಬಿಟ್ಟಿದೆ. ಸಂದಿಯಲ್ಲಿ ನನ್ನ ಬೆರಳು ಹೋಗುತ್ತದೆ.

ಸುನೀತಾ, “ಹೌದತ್ತೆ, ಅಲ್ಲಿ ಬಂಡ್ಲು ಇಡಕ್ಕೋದ್ರೆ ಹಲಗೆ ಕುಗ್ತೈತೆ” ಅಂದಳು. ಅಂಜಿನಿ, “ಬಂದಾಗ ಕಡ್ಡಿ ಇದ್ದಿ. ಈಗ ಹಲಗಿ ತಾನ ಏನ್ ಮಾಡ್ಬೇಕು?” ಅಂದ. ಕತ್ತರಿ ತೋರಿಸಿ ಹೆದರಿಸಿದಳು.

ಹೂ ಹಚ್ಚಿ ಕೇಳಿದೆ. ತಾಯಿ, ನಿನ್ನ ಗೋಡೆ ಕೊರೆಯಲಾ? ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಲಕ್ಕೆ ಬಿತ್ತು. ಅವಳು ಬೇಡ ಅಂದೇ ಇರಲಿಲ್ಲ...

ಅಂಜಿನಿಗೆ ಹೇಳಿದೆ.

“ಪಾಲಯ್ಯ ಬಳ್ಳಾರಿಗೆ ಕೆಲ್ಸಕ್ಕ ಹೋಗ್ಯಾನವ್ವ. ಉಗಾದಿ ಲೋಡ್ ಹೋಗ್ಲಿ, ಕರಸ್ತೀನಿ.”

“ಬಂಡಲ್ ಆದ್ರೂ ಇಳಸೋ.”

“ಎಲ್ಲಿಡ್ಲಿ, ನಿನ್ ತಲಿ ಮ್ಯಾಲ?”

11-4-2006, ಮಂಗಳವಾರ

ಇವತ್ತಿಗೆ ಹದಿಮೂರು ದಿನ ಆಯಿತು.

ಉಗಾದಿ ಅಮಾವಾಸ್ಯೆಯ ಸಂಜೆ. ನಾನು ಹೊಸ್ತಿಲು ಸಾರಿಸುತ್ತಿದ್ದೆ. ಸುನೀತಾ, ದೀಪ ಹಚ್ಚು ಬಾ ಅಂತ ಅಟ್ಟದ ಮೇಲಿದ್ದವಳನ್ನು ಕೆಳಗೆ ಕರೆದವಳು ನಾನೇ. ಗೂಡಿನ ಮುಂದೆ ಬಗ್ಗಿದ್ದಳು. ಜಂತಿ, ಹಲಗೆ, ಬಂಡಲ್, ಎಲ್ಲ ಅವಳ ಮೇಲೆ. ಆಸ್ಪತ್ರೆ ಮುಟ್ಟುವವರೆಗೂ ಉಸಿರು ಉಳಿಯಲಿಲ್ಲ.

ಪಕ್ಕದ ಮನೆ ಉಜ್ಜಿನಮ್ಮ ಬಂದಿದ್ದಳು. “ದೇವ್ರ ಗೂಡಿಗೆ ಒಂದ್ ಗೀರೂ ಬಿದ್ದಿಲ್ ನೋಡ್ರಿ. ಎಂಥಾ ಸತ್ಯದಾಕಿ!”

ಎದ್ದು ಹಿತ್ತಲಿಗೆ ಹೋದೆ.

17-4-2006, ಸೋಮವಾರ

ಹೊಲಿಯಲು ಬಟ್ಟೆ ಕೊಟ್ಟ ಸಾಹುಕಾರರ ಆಳು ದಿನಾ ಬಂದು ನಿಲ್ಲುತ್ತಾನೆ. ಮಿಷನ್ ಮತ್ತೆ ಮೇಲೆ ಹೋಗಲೇಬೇಕು. ಅಂಜಿನಿ ಪಾಲಯ್ಯನನ್ನು ಕರೆತಂದ.

ಪಾಲಯ್ಯ ಹಾರೆ ಹಿಡಿದು ಗೋಡೆ ಮುಂದೆ ನಿಂತೇ ಇದ್ದ. “ನೀವ್ ಹೇಳ್ರಿ ಅಮ್ಮಾ.”

ಹೂ ಕೇಳಲಿಲ್ಲ. ಚೌಡಮ್ಮನನ್ನು ಗೂಡಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಹೊಡಿ ಅಂದೆ.

ಪುಡಿ ಬೆಲ್ಲದ ಹಾಗೆ ಉದುರಿತು ಗೋಡೆ. ಎಲೆಯಡಿಕೆ ಅಗಿಯುವಷ್ಟು ಹೊತ್ತಿನಲ್ಲಿ ಮೊದಲ ತೂತು ಆಗಿಹೋಯಿತು. ಇಷ್ಟೇ ಕೆಲಸ.

ಕತ್ತಲಾಗುತ್ತಿದೆ. ಚೌಡಮ್ಮ ಇನ್ನೂ ಮಡಿಲಲ್ಲೇ ಇದ್ದಾಳೆ, ಏಳಲು ಆಗುತ್ತಿಲ್ಲ. ಈಗ ತಾನೆ ಬಾಯಿಗೆ ಬಂದುಬಿಟ್ಟಿತು — ಸುನೀತಾ, ದೀಪ