ಪಕ್ಕದಲ್ಲಿದ್ದವಳಿಗೂ ಕರೆಂಟು

ಡಿಸೆಂಬರ್ 9, ಸೋಮವಾರ
ಅದೇ ತಿಪಟೂರು ಟ್ರೈನು, ಅದೇ ತುಮಕೂರು ಆಸ್ಪತ್ರೆ, ಅದೇ ಮುಖವಾಡ. ಅದನ್ನು ಮುಖಕ್ಕೆ ಹಾಕಿ ಮಂಚಕ್ಕೆ ಬಿಗಿದು ಗಂಟಲ ಗಡ್ಡೆಗೆ ಕರೆಂಟ್ ಕೊಟ್ಟರು. ರೇಡಿಯೇಷನ್ ಎಂದರೆ ನಮ್ಮ ಬಿಳಿಗೆರೆಯಲ್ಲಿ ಯಾರಿಗೂ ತಿಳಿಯದು, ಕರೆಂಟ್ ಎಂದರೆ ಸಾಕು. ಮಾತು ಕಡಿಮೆ ಮಾಡಿ ಎಂದರು ಡಾಕ್ಟರಮ್ಮ. ಮದುವೆಯಾದಾಗಿನಿಂದ ಹೆಂಡತಿ ಹೊಂಬಾಳೆಯ ಕೈಲಾಗದ ಕೆಲಸ, ಒಂದೇ ಮಾತಲ್ಲಿ ಮುಗಿಯಿತು. ಒಳಗೆ ಉಳಿದದ್ದೆಲ್ಲ ಇನ್ನು ಈ ಡೈರಿಗೆ.

ಮನೆಗೆ ಬಂದರೆ ಅವರೆಕಾಳು ಸಾರು. ತೆಂಗಿನ ನಾರು ಅಗಿದಂತಾಯಿತು.

ಡಿಸೆಂಬರ್ 17
ಬಾಯಲ್ಲಿ ಉಗುಳೇ ಇಲ್ಲ. ಗಂಜಿ, ಗಂಜಿ, ಗಂಜಿ... ಇವತ್ತು ನೋಡಿದರೆ ಎದುರಿಗೆ ಕೂತು ಹೊಂಬಾಳೆಯೂ ಅದನ್ನೇ ಕುಡಿಯುತ್ತಿದ್ದಾಳೆ. ಯಾಕೆ ಎಂದು ಸನ್ನೆ ಮಾಡಿದೆ.

“ನಿಮ್ ನಾಲ್ಗೆಗೆ ರುಚಿ ಬರೋಗಂಟ ನಾನೂ ಉಪ್ಪು-ಖಾರ ಮುಟ್ಟಲ್ಲ ಅಂತ ಮನೆದೇವ್ರಿಗೆ ಹರಕೆ ಕಟ್ಕಂಡಿದೀನಿ ಕಣ್ರೀ.”

ಅದೂ ಅವರೆಕಾಯಿ ಕಾಲದಲ್ಲಿ! ಮೆಣಸಿನಕಾಯಿ ಕಚ್ಚದೆ ಮಜ್ಜಿಗೆಯನ್ನೂ ಕುಡಿಯದವಳು. ದೇವರೇ ದಿಗಿಲುಬಿದ್ದಿರಬೇಕು.

ಡಿಸೆಂಬರ್ 30
ತೂಕ ನೋಡುವ ಹೊಸ ಹುಡುಗಿ ಇಬ್ಬರ ಮುಖವನ್ನೂ ನೋಡಿ, ಹೊಂಬಾಳೆಯ ಕೈಹಿಡಿದು “ಪೇಷೆಂಟ್ ಬನ್ನಿ” ಎಂದಳು. ನನಗಿಂತ ಅವಳೇ ಹೆಚ್ಚು ಇಳಿದಿದ್ದಾಳೆ.

“ಕರೆಂಟ್ ನಂಗೆ, ಸೊರಗೋದು ಇವ್ಳು. ಏನ್ ಲೆಕ್ಕ ಮೇಡಂ?” ಎಂದೆ.

ಡಾಕ್ಟರಮ್ಮ ನಕ್ಕರು. ಸೆಲ್‌ಗಳಲ್ಲೂ ಹೀಗೇ ಅಂತೆ. ಕರೆಂಟ್ ಬಿದ್ದ ಸೆಲ್ಲು ಪಕ್ಕದ್ದಕ್ಕೆ ಸುದ್ದಿ ಕಳಿಸುತ್ತದೆ, ಏಟೇ ಬೀಳದ ಅದಕ್ಕೂ ಪೆಟ್ಟಾಗುತ್ತದೆ. ಅದಕ್ಕೆ ಬೈಸ್ಟ್ಯಾಂಡರ್ ಎಫೆಕ್ಟ್ ಎಂದು ಹೆಸರಂತೆ.

“ಅದು ಮೈಯೊಳಗಿನ ಸೆಲ್ಲಿಗೆ ನಂಜುಂಡಪ್ಪನೋರೆ, ಹೆಂಡ್ತಿಗಲ್ಲ. ಇವರಿಗೆ ಊಟ ಮಾಡ್ಸಿ. ಬಿಪಿ ತುಂಬಾ ಇಳಿದಿದೆ.”

ಜನವರಿ 3
ಗಂಜಿ ಕುಡಿದು, “ಆಹಾ, ಉಪ್ಪು ಹದವಾಗಿದೆ ಕಣೇ” ಎಂದೆ.

“ಇನ್ನೂ ಉಪ್ಪೇ ಹಾಕಿಲ್ಲ ಕಣ್ರೀ.”

ಜನವರಿ 18
ಕರೆಂಟ್ ಕೊಡುವುದು ಮುಗಿಯಿತು. ಇನ್ನೇನು ಎನ್ನುವಾಗ ಹೊಂಬಾಳೆ ಹಿತ್ತಿಲಲ್ಲಿ ತಲೆಸುತ್ತಿ ಬಿದ್ದಳು. ಪಕ್ಕದ ಮನೆ ಗಂಗಯ್ಯ ಕಾರು ತಂದ. ತಿಪಟೂರಲ್ಲಿ ಗ್ಲೂಕೋಸ್. ಕ್ಯಾನ್ಸರಿನವನು ಸ್ಟೂಲಿನ ಮೇಲೆ, ಆರೋಗ್ಯವಂತೆ ಮಂಚದ ಮೇಲೆ. ನೋಡಲು ಬಂದವರಿಗೆ ಕಿತ್ತಳೆ ಯಾರ ಕೈಗೆ ಕೊಡಬೇಕೋ ತಿಳಿಯಲಿಲ್ಲ.

ನನ್ನ ಗಡ್ಡೆಗೂ ಇಷ್ಟು ಹೆದರಿರಲಿಲ್ಲ. ಇವಳಿಲ್ಲದಿದ್ದರೆ ನಾನು ಬದುಕಿ ಏನು ಮಾಡಲಿ?

ಜನವರಿ 29, ಮಧ್ಯಾಹ್ನ
ನನಗೆ ರುಚಿ ಬಂತೆಂದು ಹೊಂಬಾಳೆಯನ್ನು ನಂಬಿಸಲು ಗಂಗಯ್ಯನೊಂದಿಗೆ ಪಿತೂರಿ. ಅವನು ಊಟಕ್ಕೆ ಬಂದು ನನ್ನೆದುರು ಕೂರುವುದು, ಮೊದಲು ರುಚಿ ನೋಡುವುದು. ಮೀಸೆ ತಿರುವಿದರೆ ಉಪ್ಪು ಹೆಚ್ಚು, ಕಿವಿ ಕೆರೆದರೆ ಕಮ್ಮಿ.

ಹೊಂಬಾಳೆ ನನ್ನನ್ನು ಪರೀಕ್ಷಿಸಲೆಂದೇ ಉಪ್ಪು ಸುರಿದಿರಬೇಕು. ಗಂಗಯ್ಯ ಒಂದು ತುತ್ತಿಗೇ ಕಣ್ಣು ಮೇಲೆ ಮಾಡಿ, ಎರಡೂ ಕೈಯಲ್ಲಿ ಮೀಸೆ ತಿರುವಿದ.

ನಾನೂ ನಾಲಿಗೆಗೆ ಸೋಕಿಸಿ, “ಥೂ! ಏನೇ ಇದು, ಬರೀ ಉಪ್ಪು!” ಎಂದು ಅಬ್ಬರಿಸಿದೆ.

ಅವಳ ಸೌಟು ಕೈಯಲ್ಲೇ ಉಳಿಯಿತು. ಕಣ್ಣಲ್ಲಿ ನೀರು. ನನ್ನ ಬೈಗುಳ ಕೇಳಿ ಇವಳು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

ಗಂಗಯ್ಯ ಹೋದ ಮೇಲೆ ತನಗೆಂದೇ ಬೇರೆ ಸಾರು ಕುದಿಸಿ ಉಣ್ಣಲು ಕೂತಳು. ಬಿಸಿ ಮುದ್ದೆ, ಹಿದುಕವರೆ ಸಾರು, ಪಕ್ಕದಲ್ಲಿ ಹಸಿ ಮೆಣಸಿನಕಾಯಿ. ಸೊರ್ ಎನ್ನುತ್ತಾ, ಖಾರಕ್ಕೆ ಮೂಗು ಒರೆಸುತ್ತಾ... ಸುಳ್ಳಿನ ಪಾಪ ನನಗೇ ತಟ್ಟಲಿ. ಬಾಗಿಲಲ್ಲಿ ನಿಂತು ನೋಡಿಯೇ ನೋಡಿದೆ.

ನೋಡುತ್ತಿದ್ದಂತೆ ನಾಲಿಗೆಯ ಕೆಳಗೆ ಏನೋ ಒದ್ದೆ. ಉಗುಳು! ತಿಂಗಳ ಮೇಲಾಗಿತ್ತು. ನಾನೊಂದು ತುತ್ತೂ ನುಂಗಿಲ್ಲ, ತಿಂದದ್ದು ಅವಳು!

ಕುಣಿಯಬೇಕೆನಿಸಿತು. ಆದರೆ ಹೇಳುವುದು ಹೇಗೆ? ಈಗ ಬಂತು ಎಂದರೆ ಆಗ ಹೇಳಿದ ಸುಳ್ಳು ಬಯಲು. ಗಂಗಯ್ಯನಿಗಾದರೂ ಹೇಳಿ ಬರಬೇಕು. ಇರಲಿ, ಆಮೇಲೆ — ಅಡುಗೆಮನೆಯಲ್ಲಿ ತಟ್ಟೆ ಸದ್ದು. ಇನ್ನೊಂದು ಮುದ್ದೆ ಹಾಕಿಕೊಳ್ಳುತ್ತಿದ್ದಾಳೆ, ನೋಡಿ ಬರುತ್ತೇನೆ.