ತಮ್ಮ ತಂದ ತೆಳು ರೂಲ್‌ಬುಕ್

ಮಾರ್ಚ್ 3, ಭಾನುವಾರ, ಬೆಳಿಗ್ಗೆ

ಊಟದ ಮೇಜಿಗೆ ಬಟ್ಟೆ ಹಾಸಿದ್ದಾಯ್ತು. ಬೆಟ್ಟ ಇಟ್ಟೆ, ಕೋಟೆ ಇಟ್ಟೆ. ಹೆಬ್ಬೆರಳುದ್ದದ ಬೊಂಬೆಗಳು: ಭರ್ಜಿಯವರು, ಒಬ್ಬ ಮಂತ್ರವಾದಿ, ಒಂದು ಡ್ರ್ಯಾಗನ್ — ನನ್ನ ಸೈನ್ಯ ರೆಡಿ. ಇನ್ನು ತಮ್ಮ ತನ್ನ ಸೈನ್ಯ ಹೊತ್ತು ಬಂದರೆ ಯುದ್ಧ ಶುರು.

ಅದೇ ದಿನ, ಸಂಜೆ

ಬಂದ. ಕೈಯಲ್ಲಿ ಹೊಸ ರೂಲ್‌ಬುಕ್. ನನ್ನ ಹೊಲಿಗೆ ಮಿಷನ್ ಜೊತೆ ಬಂದಿದ್ದ ಪುಸ್ತಕವೇ ಇದಕ್ಕಿಂತ ದಪ್ಪ.

"ಅಕ್ಕ, ಇನ್ಮೇಲೆ ಈ ರೂಲ್ಸ್‌ನಲ್ಲಿ ಆಡೋಣ. ಒಂದೇ ಗಂಟೆಲಿ ಮುಗಿಯುತ್ತೆ."

"ಬಸ್ ಓಡಿಸೋವಾಗ್ಲೂ ನಿಂಗೆ ಇದೇ ಅವಸರ."

"ಹಳೇದನ್ನ ಒಂದು ಸಲನಾದ್ರೂ ಮುಗಿಸಿದೀವಾ?"

ಮುಗಿಸಿಲ್ಲ, ನಿಜ. ಕತ್ತಲಾಗೋವರೆಗೆ ಆಡಿ, ರೂಲಿಗೆ ಜಗಳವಾಡಿ, ಬಾಕಿ ಉಳಿಸಿಯೇ ಏಳೋದು. ಅದಕ್ಕೇನೀಗ? ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ತಿಣುಕಿ ತಿಣುಕಿ ಹಳೇ ರೂಲ್ಸಿನ ಆ ದಪ್ಪ ಇಂಗ್ಲಿಷ್ ಪುಸ್ತಕ ಕಲಿತವಳು ನಾನು. ಆಗೋಲ್ಲ ಅಂದೆ.

"ಹಾಗಾದ್ರೆ ನಾನು ಬರಲ್ಲ." ಹೊರಟೇ ಹೋದ.

ಮಾರ್ಚ್ 10

ಬರಲಿಲ್ಲ. ಮೇಜಿನ ಮೇಲಿನ ಸೈನ್ಯ ತೆಗೆದಿಲ್ಲ. ಅಡುಗೆಮನೇಲಿ ನಿಂತೇ ಊಟ ಮಾಡಿದೆ.

ಮಾರ್ಚ್ 19

ಮೊನ್ನೆಯ ಭಾನುವಾರವೂ ಖಾಲಿ. ನಾನೇ ಫೋನ್ ಮಾಡಿದೆ. "ತಗೊಂಡು ಬಾ ನಿನ್ನ ಪಾಂಪ್ಲೆಟ್ಟು." ನಕ್ಕ, ದರಿದ್ರದವನು.

ಮಾರ್ಚ್ 24, ಮಧ್ಯಾಹ್ನ

ಮುಗಿದೇ ಹೋಯ್ತು. ಇದೂ ಒಂದು ಆಟವಾ? ಭರ್ಜಿಯವರ ಸಾಲು ತಿರುಗಿಸೋಕೆ ಹಳೇ ರೂಲಿನ ಅಭ್ಯಾಸಬಲದಿಂದ ಹೊಲಿಗೆ ಟೇಪು ಹಿಡಿದೆ. "ಅಕ್ಕ, ಅಳತೆ ಗಿಳತೆ ಇಲ್ಲ. ಸುಮ್ನೆ ತಿರುಗ್ಸು." ಮಂತ್ರವಾದಿಗೆ ಮೊದಲು ಹದಿನೆಂಟು ಮಂತ್ರ ಬರ್ತಿತ್ತು, ಈಗ ಒಂದೇ. ಮೂಗನ ಹಾಗೆ ನಿಂತಿದ್ದ, ಪಾಪ. ಮೈಯೆಲ್ಲ ಉರೀತು. ಗೆದ್ದೆ ಬೇರೆ... ಜಗಳಕ್ಕೆ ಒಂದೆಳೆ ಸಿಗಲಿಲ್ಲ.

ಇವನೀಗ ಎದ್ದು ಹೊರಟರೆ ಉಳಿದ ಭಾನುವಾರ ಏನು ಮಾಡಲಿ? ಅಡುಗೆಮನೆಗೆ ಬಂದು ಇದನ್ನು ಗೀಚುತ್ತಿದ್ದೇನೆ. ಟೀಗೆ ಇಟ್ಟಿದ್ದೇನೆ. ಬೇಕಂತಲೇ ಸಣ್ಣ ಉರಿ.

ಅದೇ ದಿನ, ಸಂಜೆ

ಹೋಗಲಿಲ್ಲ. ಟೀ ಕುಡಿದ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ — ಎಡಗಣ್ಣು ಹೋಗಿದೆಯಂತೆ. ಬಲಗಣ್ಣೂ ಮಸುಕು. ಸರಿಹೋಗೋದಲ್ಲ ಅಂದರಂತೆ ಡಾಕ್ಟರು. ಬಸ್ ಓಡಿಸೋದು ಆಗಲೇ ಬಿಟ್ಟಿದ್ದಾನಂತೆ. ದಪ್ಪ ಪುಸ್ತಕದ ಸಣ್ಣಕ್ಷರ ಕಾಣೋದೇ ಇಲ್ಲವಂತೆ.

"ಮೊದ್ಲೇ ಹೇಳೋಕೇನಾಗಿತ್ತೋ?"

"ನೀನು ರೂಲ್ ಓದೋದು ನಿಲ್ಲಿಸಿದ್ರೆ ತಾನೇ."

ಚೀಲದಿಂದ ಹೊಸ ಕುದುರೆ ಸವಾರರನ್ನು ತೆಗೆದ. ಬಣ್ಣ ಹಾಕಿರಲಿಲ್ಲ.

"ನೀನೇ ಹಾಕ್ಕೊಡು. ಕುದುರೆಗೆ ಹಳದಿ."

"ಹಳದಿ ಕುದುರೆ ಎಲ್ಲಾದ್ರೂ ಇದೆಯೇನೋ?"

"ನಂಗೆ ಎದ್ದು ಕಾಣೋದು ಅದೊಂದೇ ಅಕ್ಕ."

ಮಾರ್ಚ್ 26

ಹಳದಿ ಒಂದೇ ಸಲಕ್ಕೆ ಹಿಡಿಯಲ್ಲ, ಎರಡು ಸಲ ಬಳಿಯಬೇಕು. ಕುದುರೆಗಳು ಮುಗಿದವು. ಅಸಹ್ಯವಾಗಿವೆ.

ಬಾಗಿಲ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಿರಿದು ಮಾಡಿ ಮೇಜು ನೋಡಿದೆ. ನನ್ನ ಭರ್ಜಿಯವರಿಗೆ ಹಸಿರು ಅಂಗಿ. ಕೆಳಗೆ ಹಾಸಿದ್ದೂ ಹಸಿರು ಬಟ್ಟೆ. ಇಷ್ಟು ದಿನ ಯಾರ ಮೇಲೆ ಯುದ್ಧ ಮಾಡ್ತಿದ್ದನೋ...

ನಲವತ್ತು ಜನ ಇದ್ದಾರೆ. ಡಬ್ಬಿಯಲ್ಲಿ ಹಳದಿ ಇನ್ನೂ ಇದೆ. ಮೊದಲನೆಯವನ ಅಂಗಿಗೆ ಬಳಿಯೋಕೆ ಕೂತೆ.